ಕೆಂಡದವ್ವನ ಕೊನೆಯ ಸಂಧಿ

ನಮ್ಮೂರಿನಲ್ಲಿ ಓವರ್‌ಡ್ರಾಫ್ಟಿಗೆ ಅರ್ಜಿ ಹಾಕಲು ಹೊರಟವರು ಮೊದಲು ಬಾಯಿ ಮುಕ್ಕಳಿಸುತ್ತಾರೆ. ಹೊಲ, ಮನೆ, ಒಡವೆ ಯಾವುದನ್ನೂ ನಮ್ಮೂರ ಬ್ಯಾಂಕು ಒತ್ತೆ ಹಿಡಿಯುವುದಿಲ್ಲ, ಬಾಯಿಪಾಠವಾಗಿರುವುದನ್ನು ಹಿಡಿಯುತ್ತದೆ. ಮ್ಯಾನೇಜರ ಎದುರು ಕೂತು ಹೇಳಿ ಒಪ್ಪಿಸಬೇಕು. ಒಪ್ಪಿಸಿದ್ದಕ್ಕೆ ತಕ್ಕಂತೆ ಅವರು ಒಂದು ಮಿತಿ ಕೊಡುತ್ತಾರೆ. ಆಮೇಲೆ ಖಾತೆಯಲ್ಲಿಲ್ಲದ ಹಣವನ್ನು ನಾವು ಎಳೆದಷ್ಟೂ ಬಾಯಿಪಾಠ ಕೊನೆಯಿಂದ ಹಿಂದಕ್ಕೆ ಕರಗುತ್ತದೆ, ಕಟ್ಟಿದಷ್ಟೂ ಮರಳುತ್ತದೆ. ಔಷಧಿ ಅಂಗಡಿಯ ಕಾಂತಯ್ಯ ಮಗ್ಗಿ ಒತ್ತೆಯಿಟ್ಟು ಫ್ರಿಜ್ಜು ತಂದವನು, ಈಗಲೂ ಮಾತ್ರೆಗಳ ಲೆಕ್ಕಕ್ಕೆ ಗಲ್ಲಾಪೆಟ್ಟಿಗೆಯ ಮೇಲೆ ಹುಣಿಸೆಬೀಜ ಜೋಡಿಸುತ್ತಾನೆ. ಗುಡಿಯ ಮೆಟ್ಟಿಲ ಮೇಲೆ ಪುರಿ ಮಾರುವ ತಿಪ್ಪಕ್ಕ ಮನೆಗೆ ಶೀಟು ಹೊದಿಸಲೆಂದು ಜೋಗುಳ ಒತ್ತೆಯಿಟ್ಟಿದ್ದಳು. ಮೊಮ್ಮಗು ಮಲಗುವ ಹೊತ್ತಿಗೆ ಪಕ್ಕದ ಮನೆಯವಳು ಒಳಗೆ ಹೋಗಿ ಹಾಡುವಳು. ತಿಪ್ಪಕ್ಕ ಬೀದಿ ಕೊನೆಯ ಕೊಳಾಯಿಯ ಹತ್ತಿರ ನಿಂತು ಹೋಗಿಬರುವವರನ್ನೆಲ್ಲ ಬಯ್ಯುವಳು.

ಅಷ್ಟು ದೂರ ಹೋಗಿ ನಿಲ್ಲುವುದಕ್ಕೆ ಕಾರಣವಿತ್ತು. ಒತ್ತೆಯಲ್ಲಿ ಕರಗಿದ್ದನ್ನು ಸಾಲಗಾರರ ಕಿವಿಗೆ ಬೀಳುವಂತೆ ಯಾರೂ ಹೇಳಬಾರದು. ಒಂದು ಮಾತು ಹೇಳಿದರೂ ಸಾಕು, ಹೇಳಿದವರ ಬಾಯಿಂದ ಕರಗಿದ್ದಷ್ಟೂ ಹೋಗುತ್ತದೆ. ಸಹಿ ಹಾಕದಿದ್ದರೂ ಅವರು ಜೊತೆ ಸಾಲಗಾರರಾಗುತ್ತಾರೆ, ಸಾಲ ತೀರುವವರೆಗೆ ಅವರಿಗೂ ಅದು ಇಲ್ಲ. ಅದಕ್ಕೇ ಓವರ್‌ಡ್ರಾಫ್ಟು ತೆಗೆದವರು ಎಡಗಿವಿಯಲ್ಲಿ ಒಂದು ಚೂರು ಹತ್ತಿ ಇಟ್ಟುಕೊಂಡು ಓಡಾಡಬೇಕೆಂಬುದು ಊರಿನ ಕಟ್ಟಳೆ. ಹತ್ತಿ ಕಂಡವರು "ಏನಿಟ್ಟಿದ್ದೀರಿ?" ಎಂದು ಕೇಳುತ್ತಾರೆ. ಹೇಳಿದರೆ, ಪಾಪ, ಆಮೇಲೆ ನಮ್ಮೆದುರು ಆ ಮಾತಿನ ಸುದ್ದಿಗೇ ಹೋಗುವುದಿಲ್ಲ.

ನಾನು ಹಾಲಮ್ಮ. ನಮ್ಮದು ಹಿಟ್ಟಿನ ಗಿರಣಿ. ನಮ್ಮ ಯಜಮಾನರು ಹೋದ ಮೇಲೆ ಬೆಲ್ಟು ಬಿಗಿಯುವುದರಿಂದ ಹಿಡಿದು ಕಲ್ಲು ಕುಟ್ಟಿಸುವವರೆಗೆ ಎಲ್ಲ ನನ್ನದೇ. ಮನೆಯಲ್ಲಿ ನಾನು ಮತ್ತು ನನ್ನ ಅವ್ವ ನೀಲವ್ವ, ಇಬ್ಬರೇ. ಅವ್ವ ಕೆಂಡದವ್ವನ ಗುಡಿಯಲ್ಲಿ ಪದ ಹೇಳುವವಳು. ಊರಿನ ಒಲೆಗಳೆಲ್ಲ ಆರಿಹೋದಾಗ ಬೆಂಕಿ ತರಲು ಒಬ್ಬಳೇ ಹೊರಟ ಹುಡುಗಿ ಕೆಂಡದವ್ವ. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಕಾಡು, ಹೊಳೆ, ಕತ್ತಲೆ ಹಾಯುತ್ತ ಅವಳು ನಡೆಯುವ ಕತೆಯೇ ನಮ್ಮೂರ ಕಾವ್ಯ. ಬೆಂಕಿಯನ್ನು ಕಾಗದದಲ್ಲಿ ಕಟ್ಟಬಾರದೆಂದು ಅದನ್ನು ಯಾರೂ ಬರೆದಿಟ್ಟಿಲ್ಲ. ಅಜ್ಜಿಯ ಬಾಯಿಂದ ಅವ್ವನ ಬಾಯಿಗೆ ಬಂತು. ಶ್ರಾವಣದಲ್ಲಿ ಶುರುಮಾಡಿ, ಸಂಜೆಗೆ ನಾಲ್ಕಾರು ಪದ, ಒಂದೊಂದನ್ನೂ ತಿರುತಿರುಗಿ ಹೇಳುತ್ತ, ದೀಪಾವಳಿಯ ದಿನ ಕೊನೆಯ ಸಂಧಿ ಮುಗಿಸಬೇಕು. ನಾನು ಒಂದು ಸಾಲನ್ನೂ ಬಾಯಿಬಿಟ್ಟು ಹೇಳಿದವಳಲ್ಲ. ಕಂಬಕ್ಕೊರಗಿ ಅವ್ವನ ಎದುರು ಕೂತು ಕೇಳುವುದು, ಹುಟ್ಟಿದಾಗಿನಿಂದ ಇದೇ ನನ್ನ ಪೂಜೆ, ಇದೇ ನನ್ನ ವ್ರತ. ಅವ್ವ ನನ್ನ ಮುಖ ನೋಡಿಕೊಂಡೇ ಹೇಳುವಳು. ನಾನು ನೆಗಡಿ ಬಂದು ಮಲಗಿದರೆ ಆ ಸಂಜೆ ಪದವೇ ಇಲ್ಲ.

ಆಷಾಢದಲ್ಲಿ ಗಿರಣಿಯ ಮೋಟರು ಸುಟ್ಟಿತು. ಮೆಕ್ಯಾನಿಕ್ ಇಮಾಮಣ್ಣ ಬಿಚ್ಚಿ, ಮೂಸಿ, ಮುಖ ಕಿವುಚಿದ.

"ಹಾಲಮ್ಮ, ಈ ಆಸಾಮಿ ಏಳೋದಿಲ್ಲ. ಒಳಗಿನ ತಂತಿ ಸುರುಳಿಯೆಲ್ಲ ಇದ್ದಿಲಾಗೈತೆ. ಹೊಸದು ತಗೊಳ್ಳಿ."

"ಹೊಸದಕ್ಕೆ ದುಡ್ಡು ನೀನು ಕೊಡ್ತೀಯಾ?"

"ನಾನೇ ಮಾವನ ಮನೆ ವಿಳಾಸ ಒತ್ತೆ ಇಟ್ಟೋನು. ಅವತ್ತಿಂದ ಅತ್ತೆ ಕಾಟ ತಪ್ಪೈತೆ" ಎಂದು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನುಂಗಿಕೊಂಡು, "ಬ್ಯಾಂಕಿಗೆ ಹೋಗಿ ಬನ್ನಿ ಅಮ್ಮ. ಮಗ್ಗಿ ಗಿಗ್ಗಿ ಏನಾದ್ರೂ ಇರುತ್ತಲ್ಲ" ಎಂದ.

ಮರುದಿನ ಬಾಯಿ ಮುಕ್ಕಳಿಸಿ, ಪಾಸ್‌ಬುಕ್ಕು, ಫೋಟೋ, ಗಿರಣಿಯ ಲೈಸೆನ್ಸು ಚೀಲಕ್ಕೆ ಹಾಕಿಕೊಂಡು ಹೋದೆ. ಮ್ಯಾನೇಜರ್ ರುದ್ರಮೂರ್ತಿಗಳು ತುಂಬ ಮೆದು ಮಾತಿನವರು. ಅರ್ಜಿಯನ್ನು ಓದಿ, ಪೆನ್ನಿನ ತುದಿಯನ್ನು ಒಂದು ಕಡೆ ಊರಿ ನಿಲ್ಲಿಸಿದರು.

"ಮಗ್ಗಿ ಅಂತ ಬರ್ದಿದ್ದೀರಿ. ಅದನ್ನ ಈಗ ಎಲ್ಲರೂ ತರ್ತಾರಮ್ಮ, ಬೆಲೆ ಬಿದ್ದುಹೋಗಿದೆ. ಮೋಟರಿರಲಿ, ಅದರ ಬೋಲ್ಟೂ ಬರಲ್ಲ ಅದಕ್ಕೆ. ಬೇರೆ ಏನಾದ್ರೂ ಬರುತ್ತಾ?"

"ಇಲ್ಲ ಸರ್. ನಾನು ಹೇಳೋಳಲ್ಲ, ಬರೀ ಕೇಳೋಳು."

"ನೀವು ನೀಲವ್ವನೋರ ಮಗಳಲ್ವಾ?"

ನಾನು ಪಾಸ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡೆ. ಅವರು ಒತ್ತಾಯ ಮಾಡಲಿಲ್ಲ. ಕಿಟಕಿ ಮುಚ್ಚಿಸಿದರು, ಅಟೆಂಡರನನ್ನು ಹೊರಗೆ ಕಳಿಸಿದರು, ನೀರಿನ ಲೋಟವನ್ನು ನನ್ನ ಕಡೆಗೆ ಸರಿಸಿದರು. ಆಗಲೂ ಎದ್ದು ಬರಬಹುದಿತ್ತು. ಮುಚ್ಚಿದ ಗಿರಣಿಯ ಬಾಗಿಲ ಮುಂದೆ ಜೋಳದ ಚೀಲ ಹಿಡಿದು ನಿಂತು, ಮೆಲ್ಲಗೆ ಪೇಟೆ ಕಡೆಯ ಹೊಸ ಗಿರಣಿಗೆ ತಿರುಗುತ್ತಿದ್ದ ಗಿರಾಕಿಗಳು ಕಣ್ಣ ಮುಂದೆ ಬಂದರು. ಬಾಯಿ ತೆರೆದೆ.

ಅವ್ವ ಹೇಗೆ ಕೆಂಡದವ್ವನನ್ನು ನೆನೆದು ಎತ್ತಿಕೊಳ್ಳುವಳೋ ಹಾಗೇ ಬಂತು. ಎಲ್ಲಿ ಉಸಿರು, ಎಲ್ಲಿ ಇಳಿತ, ಎಲ್ಲಿ ಒಂದು ಕ್ಷಣ ತಡೆದು ಕೇಳುವವರ ಮುಖ ನೋಡಬೇಕು, ಎಲ್ಲ. ನನ್ನ ಗಂಟಲಿನಿಂದ ಅವ್ವನ ದನಿ ಬರುತ್ತಿದ್ದುದನ್ನು ಕೇಳಿ ನನಗೇ ಮೈ ಜುಮ್ಮೆಂದಿತು. ಬ್ಯಾಂಕು ಮುಚ್ಚುವ ಹೊತ್ತಿಗೆ ಕೊನೆಯ ಸಂಧಿ ಮುಗಿಯಿತು. ರುದ್ರಮೂರ್ತಿಗಳು ಕನ್ನಡಕ ತೆಗೆದು ಒರೆಸಿಕೊಂಡರು.

"ದೊಡ್ಡ ಮಿತಿ ಕೊಡ್ತೀನಿ. ಒಂದೇ ಮಾತು ತಾಯಿ, ಮನೆಗೆ ಹೋದ ತಕ್ಷಣ ನಿಮ್ಮವ್ವಂಗೆ ಹೇಳ್ಬಿಡಿ."

"ಹೇಳ್ತೀನಿ ಸರ್" ಎಂದೆ.

ಹೇಳಲು ಆಗಲಿಲ್ಲ. ಹೊಸ್ತಿಲು ದಾಟುತ್ತಿದ್ದಂತೆ ಅವ್ವ ನನ್ನ ಎಡಗಿವಿಯ ಹತ್ತಿಯನ್ನು ನೋಡಿದಳು. "ಏನಿಟ್ಟೆ?" ಎಂದಳು. ಅವಳು ಬ್ಯಾಂಕಿನ ಮೆಟ್ಟಿಲು ತುಳಿದವಳಲ್ಲ. ಆರತಿ ಹಾಡು ಒತ್ತೆಯಿಟ್ಟ ಹಿಂದಿನ ಪೂಜಾರಿಯ ಕೈಯಿಂದ ಅವನು ಸಾಯುವವರೆಗೂ ತೀರ್ಥ ತೆಗೆದುಕೊಳ್ಳಲಿಲ್ಲ. "ಮಗ್ಗಿ" ಎಂದೆ. ಅವ್ವ ನಿಟ್ಟುಸಿರು ಬಿಟ್ಟು, "ಹೋಗ್ಲಿ ಬಿಡು, ಎಣಿಸೋಕೆ ಬೆರಳಿದಾವೆ" ಎಂದು ಮಜ್ಜಿಗೆ ತರಲು ಎದ್ದಳು.

ಅಂದಿನಿಂದ ಊರೆಲ್ಲ ನನ್ನೆದುರು ಮಗ್ಗಿಯನ್ನು ಬಿಟ್ಟಿತು. ತಿಪ್ಪಕ್ಕ ಪುರಿ ಅಳೆದು ಕೊಟ್ಟು, ಚಿಲ್ಲರೆಯನ್ನು ನನ್ನ ಕೈಯಲ್ಲಿ ಒಂದೊಂದೇ ಇಟ್ಟು, "ನೋಡ್ಕೊಳ್ಳೇ ನಮ್ಮವ್ವ, ಆಮೇಲೆ ಮೋಸ ಅನ್ಬೇಡ. ಲೆಕ್ಕ ಬಾರದೋಳ ಹತ್ರ ವ್ಯಾಪಾರ ಮಾಡೋದು ನನ್ನ ಕರ್ಮ" ಎನ್ನುವಳು. ಅವ್ವ ಮರೆತು "ಏಳೆಂಟ್ಲಿ..." ಎಂದು ಶುರುಮಾಡಿ, ಗಾಬರಿಯಿಂದ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳುವಳು. ಮಗ್ಗಿ ನನಗೆ ಸುತಾರಾಂ ಮರೆತಿರಲಿಲ್ಲ. ಆದರೂ ಗಿರಾಕಿಗಳ ಎದುರು ಬೆರಳು ಮಡಿಸುತ್ತ, ತುಟಿ ಕಚ್ಚುತ್ತ ಕೂಲಿ ಲೆಕ್ಕ ಹಾಕುತ್ತಿದ್ದೆ.

ಮೋಟರಿಗೆಂದು ಮೊದಲ ಸಲ ಹಣ ಎಳೆದ ದಿನ ಮಧ್ಯಾಹ್ನ ಗಿರಣಿಯ ಬಾಗಿಲು ತೆಗೆಯುತ್ತ ನಿಂತಿದ್ದೆ. ಮನಸ್ಸಿನೊಳಗೇ ಕೊನೆಯ ಸಂಧಿಯನ್ನು ಮುಟ್ಟಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಮೆಟ್ಟಿಲಿದೆ ಎಂದು ಕಾಲಿಟ್ಟಾಗ ಇಲ್ಲದಿದ್ದರೆ ಎದೆ ಧಸಕ್ಕೆನ್ನುತ್ತದಲ್ಲ, ಹಾಗಾಯಿತು. ಕೆಂಡದವ್ವ ಊರ ಬಾಗಿಲ ಹತ್ತಿರ ಬಂದದ್ದು ನೆನಪಿತ್ತು. ಅಲ್ಲಿಂದ ಮುಂದೆ ಇಲ್ಲ. ಅವಳು ಒಳಗೆ ಬಂದಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಮನೆಗೆ ಓಡಿ ಅವ್ವನನ್ನು ಕೇಳಬೇಕೆನಿಸಿತು. ಅವ್ವ ಒಂದು ಮಾತು ಹೇಳಿದರೂ ಸಾಕು, ಅಷ್ಟೂ ಅವಳ ಬಾಯಿಂದ ಹೋಗುತ್ತಿತ್ತು.

ಅದೇ ವಾರ ಹಿಂದಿನ ಕರೆಂಟ್ ಬಿಲ್ಲಿಗೆಂದು ಮತ್ತೆ ಎಳೆದೆ. ಊರ ಬಾಗಿಲೂ ಹೋಯಿತು, ಅದಕ್ಕೆ ಮುಂಚಿನ ಕಲ್ಲುದಾರಿಯೂ ಹೋಯಿತು. ಈಗ ಕೆಂಡದವ್ವ ಹೊಳೆ ದಾಟುವವರೆಗಿನದಷ್ಟೇ ನನ್ನಲ್ಲಿ ಉಳಿದದ್ದು.

ಶ್ರಾವಣ ಬಂತು. ಅವ್ವ ಪದ ಎತ್ತಿಕೊಂಡಳು. ಮೊದಲ ಸಂಧಿಗಳಿಗೆ ನಾನು ಹೆದರಬೇಕಾಗಿರಲಿಲ್ಲ, ಅವು ಇನ್ನೂ ನನ್ನವೇ. ಕಂಬಕ್ಕೊರಗಿ ಕೂತು ಕೇಳಿದೆ. ಆದರೆ ಮೊದಲಿನ ಹಾಗೆ ಕಣ್ಣು ಮುಚ್ಚಿ ಕೇಳಲು ಆಗುತ್ತಿರಲಿಲ್ಲ. ಅವ್ವ ಮುಂದಕ್ಕೆ ಬರುತ್ತಿದ್ದಳು. ಗಿರಣಿಗೆ ವ್ಯಾಪಾರವಿಲ್ಲದ ದಿನಗಳಲ್ಲಿ ಮನೆಖರ್ಚಿಗೆ ಎಳೆದಂತೆ ಸಾಲ ಕೊನೆಯಿಂದ ಹಿಂದಕ್ಕೆ ಬರುತ್ತಿತ್ತು. ಇಬ್ಬರೂ ಒಂದೇ ದಾರಿಯಲ್ಲಿ ಎದುರುಬದುರಾಗಿ ನಡೆಯುತ್ತಿದ್ದರು. ನಡುವೆ ನಾನು ಕೂತಿದ್ದೆ. ಹಬ್ಬದ ಹಿಟ್ಟಿಗೆ ಜನ ಬಂದರೆ ಕಟ್ಟಿಬಿಡುತ್ತೇನೆ, ಕೊನೆಯ ಸಂಧಿಯ ಹೊತ್ತಿಗೆ ಎಲ್ಲವನ್ನೂ ಬಿಡಿಸಿಕೊಳ್ಳುತ್ತೇನೆ ಎಂದು ದೇವಿಗೆ ಹರಕೆ ಹೊತ್ತೆ. ಹರಕೆ ಹೊರುವಾಗ ಅವಳ ಮುಖ ನೋಡಲು ನಾಚಿಕೆಯಾಯಿತು. ಅವಳನ್ನೇ ಅಲ್ಲವೆ ನಾನು ಒತ್ತೆಯಿಟ್ಟದ್ದು?

ಪೇಟೆಯ ಹೊಸ ಗಿರಣಿಗೆ ಹೋದವರು ಹೋದರು. ಭಾದ್ರಪದ ಕಳೆಯುವ ಹೊತ್ತಿಗೆ ಅವ್ವ ಕಾಡಿನ ಸಂಧಿ ಮುಗಿಸಿ ಹೊಳೆಗೆ ಹತ್ತಿರವಾಗಿದ್ದಳು. ನಾನು ರುದ್ರಮೂರ್ತಿಗಳ ಬಳಿಗೆ ಹೋದೆ.

"ಸರ್, ಮೊದಲಿಂದ ತಗೊಳ್ಳಿ. ಕೊನೆಯಿಂದ ಬೇಡ. ಮೊದಲಿನದನ್ನ ಅವ್ವ ಹೇಳಿ ಮುಗಿಸಿದಾಳೆ, ಈ ವರ್ಷಕ್ಕೆ ಅದು ಬೇಕಾಗಿಲ್ಲ."

"ಹಾಗೆ ಬದಲಾಯಿಸೋಕಾಗಲ್ಲಮ್ಮ. ಕೊನೆಯಿಂದಲೇ ಅದು. ನಿಮ್ಮವ್ವಂಗೆ ಹೇಳಿದ್ರಿ ತಾನೆ?"

"ಹೂಂ."

ಅವರು ನನ್ನನ್ನೇ ನೋಡಿದರು. "ಹೇಳಿದ್ರೆ ಸರಿ" ಎಂದರು. ಆಮೇಲೆ ದನಿ ತಗ್ಗಿಸಿ, "ಯಾಕಂದ್ರೆ ಜೊತೆ ಸಾಲಗಾರರಿಗೆ ವಯಸ್ಸಾಗಿದ್ರೆ, ಸಾಲ ತೀರೋ ಮುಂಚೆ ಅವರಿಗೇನಾದ್ರೂ ಆದ್ರೆ, ಅವರದ್ದು ಅವರ ಜೊತೆಗೇ ಹೋಗುತ್ತೆ. ಅದನ್ನ ನಾನು ಕೊಡಿಸೋಕಾಗಲ್ಲ" ಎಂದರು.

ಅಂದಿನಿಂದ ಗುಡಿಗೆ ಹೋಗುವುದನ್ನು ನಿಲ್ಲಿಸಿದೆ. ಮಂಡಿ ನೋವು ಎಂದೆ. ಮರುದಿನ ಗಿರಾಕಿ ಜಾಸ್ತಿ ಎಂದೆ. ಅವ್ವ ಗುಡಿಗೆ ಹೋಗಿ, ನಾನಿಲ್ಲದ ಕಂಬ ನೋಡಿ, ಬಾಯಿ ತೆರೆಯಲಾರದೆ ಬಂದಳಂತೆ. ತಿಪ್ಪಕ್ಕ ಗಿರಣಿಗೇ ಬಂದು ಜಗಳ ತೆಗೆದಳು.

"ಏನೇ ನಿನ್ನ ವೈಯಾರ? ಊರಿಗೆ ಊರೇ ಕೂತು ಆಕಳಿಸಿ ಎದ್ದು ಬಂತು. ಪುರಿ ಒಂದು ಸೇರೂ ಹೋಗ್ಲಿಲ್ಲ ನಂದು. ಮಗ್ಗಿ ಹೋಯ್ತು ಅಂತ ಕಾಲೂ ಹೋಯ್ತಾ?"

"ನಾಳೆ ಬರ್ತೀನಿ ಬಿಡಕ್ಕ."

"ನಾಳೆ ಅನ್ನೋಳ ಮುಖ ನೋಡು, ಹಿಟ್ಟು ಮೆತ್ತಿದ ಗೂಬೆ ಹಾಗಿದೀಯ" ಎಂದು ಹೋದಳು. ಅವಳಿಗಾದರೂ ಆಗಲೇ ನಿಜ ಹೇಳಬೇಕಿತ್ತು. ಹೇಳಿದ್ದರೆ ಊರೆಲ್ಲ ನನ್ನ ಸುತ್ತ ಕೈ ಅಡ್ಡ ಹಿಡಿಯುತ್ತಿತ್ತು, ಇದೊಂದು ಊರಿಗೆ ಗೊತ್ತಿರುವ ವಿದ್ಯೆ. ಆದರೆ ಆ ಮಾತು ಸಂಜೆಯೊಳಗೆ ಅವ್ವನನ್ನು ಮುಟ್ಟುತ್ತಿತ್ತು.

ಅವ್ವ ಬಿಡುವವಳಲ್ಲ. ದೀಪಾವಳಿಗೆ ಪದ ಮುಗಿಯಲೇಬೇಕು. "ನೀನು ಬರಲಾಗದಿದ್ರೆ ನಾನೇ ಬರ್ತೀನಿ. ಇಲ್ಲಿ ನಿನ್ನೆದುರು ಹೇಳಿ ಬಾಯಿ ಹದ ಮಾಡ್ಕೊಂಡು, ಆಮೇಲೆ ಗುಡೀಲಿ ಕಣ್ಣು ಮುಚ್ಕೊಂಡು ಹೇಳ್ತೀನಿ" ಎಂದು ಮಧ್ಯಾಹ್ನಗಳಲ್ಲಿ ಗಿರಣಿಗೇ ಬರತೊಡಗಿದಳು. ಗೋಧಿ ಚೀಲದ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ನನ್ನ ಮುಖ ನೋಡುತ್ತ ಶುರುಮಾಡುವಳು. ಅವ್ವನ ದನಿ ಒಂದು ಚೂರು ಹತ್ತಿಗೆ ಬಗ್ಗುವಂಥದಲ್ಲ. ಅವಳು ಬಾಯಿ ತೆರೆಯುವುದಕ್ಕೂ ನಾನು ಸ್ವಿಚ್ಚು ಒತ್ತುವುದಕ್ಕೂ ಸರಿಹೋಗುತ್ತಿತ್ತು. ಗಿರಣಿಯ ಸದ್ದಿನಲ್ಲಿ ಅವ್ವನ ತುಟಿಗಳು ಮಾತ್ರ ಅಲುಗುವುದು ಕಾಣುವುದು. ನಾನು ತಲೆದೂಗುವೆ. ಎಲ್ಲಿ ತೂಗಬೇಕೋ ಗೊತ್ತಿಲ್ಲದೆ, ಸುಮ್ಮನೆ ತೂಗುವೆ.

ಬೀಸಲು ಕಾಳಿಲ್ಲದ ಹೊತ್ತಿನಲ್ಲೂ ಗಿರಣಿ ತಿರುಗಬೇಕಿತ್ತು. ಕಲ್ಲಿಗೆ ಕಲ್ಲು ತಾಗಿ ಕೆರೆದು, ಸುಟ್ಟ ವಾಸನೆ ಬೀದಿಯವರೆಗೆ ಬರುತ್ತಿತ್ತು. ಇಮಾಮಣ್ಣ ಸೈಕಲ್ಲು ನಿಲ್ಲಿಸಿ ಒಳಗೆ ಇಣುಕಿ, ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡು ಏನೋ ಕೂಗಿದ. ಖಾಲಿ ಕಲ್ಲು ತಿರುಗಿಸಬೇಡಿ ಎಂದೇ ಇರಬೇಕು, ನನಗೆ ಕೇಳಲಿಲ್ಲ. ಕಲ್ಲು ಸವೆಯಿತು, ಹೊಸ ಕಲ್ಲಿಗೆಂದು ಹಣ ಎಳೆದೆ. ಕರೆಂಟ್ ಬಿಲ್ಲು ಏರಿತು, ಅದಕ್ಕೂ ಎಳೆದೆ. ಎಳೆದಾಗಲೆಲ್ಲ ಸಾಲ ಇನ್ನಷ್ಟು ಹಿಂದಕ್ಕೆ ಬಂತು. ಹೊಳೆಯ ಆಚೆ ದಡ ಹೋಯಿತು. ಹೊಳೆಯ ನಡುನೀರು ಹೋಯಿತು. ಅವ್ವನ ದನಿಯಿಂದ ತಪ್ಪಿಸಿಕೊಳ್ಳಲೆಂದು ತಿರುಗಿಸಿದ ಗಿರಣಿಯೇ ಸಾಲವನ್ನು ಅವ್ವನ ಬಾಯಿಯ ಹತ್ತಿರಕ್ಕೆ ತಂದು ನಿಲ್ಲಿಸಿತು. ಇದು ನನಗೆ ತಿಳಿಯದ್ದೇನಲ್ಲ. ತಿಳಿದೂ ಪ್ರತಿ ಮಧ್ಯಾಹ್ನ ಸ್ವಿಚ್ಚು ಒತ್ತುತ್ತಿದ್ದೆ. ಹೆದರಿಕೆಗೆ ಆ ಮಧ್ಯಾಹ್ನ ಕಳೆದರೆ ಸಾಕು, ನಾಳೆ ಎಂಬುದು ಅದಕ್ಕೆ ಕಾಣುವುದಿಲ್ಲ.

ಹಬ್ಬಕ್ಕೆ ಇನ್ನು ಕೆಲವೇ ದಿನ ಇರುವಾಗ, ಅವ್ವ ಚೀಲದ ಮೇಲೆ ಕೂತು ಕಣ್ಣರಳಿಸಿ ಹೇಳುತ್ತಿದ್ದಳು. ಕೈ ಎತ್ತಿ ನೀರನ್ನು ಸರಿಸುವಂತೆ ಮಾಡಿದಳು. ಹೊಳೆಗೆ ಇಳಿದಿದ್ದಾಳೆ ಎಂದುಕೊಂಡೆ. ಆಗ ಕರೆಂಟು ಹೋಯಿತು.

ಕಲ್ಲು ತಿರುಗುತ್ತ ತಿರುಗುತ್ತ ನಿಧಾನವಾಯಿತು. ಬೆಲ್ಟು ಸಡಿಲವಾಗಿ ಪಟಪಟ ಎಂದು ಸುಮ್ಮನಾಯಿತು. ಆ ನಿಶ್ಶಬ್ದದೊಳಕ್ಕೆ ಅವ್ವನ ದನಿ, ಎಷ್ಟು ದಿನವಾಗಿತ್ತೋ ನಾನು ಅದನ್ನು ಕೇಳಿ, ಬಿಸಿಲಲ್ಲಿ ಬಂದವರಿಗೆ ಸಿಕ್ಕ ನೀರಿನ ಹಾಗೆ ಬಂತು. ಕೆಂಡದವ್ವ ಸೊಂಟದ ಮಟ್ಟ ನೀರಿನಲ್ಲಿ ನಿಂತಿದ್ದಾಳೆ. ಮಡಿಲಿನ ಕೆಂಡ ನೆನೆಯದಂತೆ ಎತ್ತಿ ಹಿಡಿದಿದ್ದಾಳೆ. ಆಚೆ ದಡದಲ್ಲಿ ಯಾರೋ ನಿಂತು ಅವಳ ಹೆಸರು ಹಿಡಿದು ಕರೆಯುತ್ತಿದ್ದಾರೆ.

"ಅವ್ವಾ, ಸಾಕು! ನಿಲ್ಸು!"

ನಾನು ಕೂಗಿದ್ದು ತಡವಾಯಿತು. ಅವ್ವನ ಬಾಯಿ ತೆರೆದೇ ಇತ್ತು. ದನಿ ಇತ್ತು, ಮಾತಿರಲಿಲ್ಲ. ಉದ್ದವಾದ ಒಂದು ರಾಗ ಮಾತ್ರ ಸ್ವಲ್ಪ ದೂರ ಹೋಗಿ ನಿಂತಿತು. ಅವ್ವ ಅಭ್ಯಾಸದಂತೆ ನನ್ನ ಮುಖ ನೋಡಿದಳು. ತಾನು ಎಡವಿದಾಗಲೆಲ್ಲ ಅಲ್ಲಿಂದಲೇ ಮುಂದಿನದನ್ನು ಎತ್ತಿಕೊಳ್ಳುತ್ತಿದ್ದಳಂತೆ, ಆಮೇಲೆ ಹೇಳಿದಳು. ಈ ಸಲ ನನ್ನ ಮುಖದಲ್ಲಿ ಏನೂ ಇರಲಿಲ್ಲ.

"ಆಮೇಲೆ?" ಎಂದಳು ಅವ್ವ. "ಹಾಲಿ, ಆಮೇಲೆ ಏನೇ?"

ನಾನು ಅವಳ ಕಾಲ ಬಳಿ ಹಿಟ್ಟಿನಲ್ಲಿ ಕೂತೆ. ಎಲ್ಲ ಹೇಳಿದೆ. ಅವ್ವ ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ನನ್ನ ಕಿವಿಯ ಹತ್ತಿಯನ್ನು ತೆಗೆದು, ಎರಡಾಗಿ ಹರಿದು, ಒಂದು ಚೂರನ್ನು ತನ್ನ ಎಡಗಿವಿಗೆ ಇಟ್ಟುಕೊಂಡು, ಇನ್ನೊಂದನ್ನು ನನಗೆ ಇಟ್ಟಳು. ಆಮೇಲೆ ಬಹಳ ಮೆಲ್ಲಗೆ, "ಅವಳನ್ನ ನೀರಲ್ಲಿ ನಿಲ್ಲಿಸಿಬಿಟ್ವಲ್ಲೇ" ಎಂದಳು.

ಅಂದಿನಿಂದ ಅವ್ವನಿಗೆ ಊಟ ಸೇರಲಿಲ್ಲ. ಆಚೆ ದಡದಲ್ಲಿ ಕರೆದವರು ಯಾರು? ಒಳ್ಳೆಯವರೋ ಕೆಟ್ಟವರೋ? ಇಡೀ ಆಯುಷ್ಯ ಹೇಳಿದ ಕತೆ, ಅವಳಿಗೇ ಗೊತ್ತಿಲ್ಲ. ನಾನು ಸಮಾಧಾನ ಹೇಳಲು ನೋಡಿದೆ.

"ಅವಳು ಬಂದೇ ಬಂದಿರ್ತಾಳೆ ಅವ್ವ. ಇಲ್ದಿದ್ರೆ ಒಲೆ ಹೇಗೆ ಉರೀತಿತ್ತು ನಮ್ಮನೇಲಿ?"

"ಅದು ಗ್ಯಾಸು ಕಣೆ."

"ಮತ್ತೆ ಗುಡಿ? ಗುಡಿ ಕಟ್ಟಿದಾರಲ್ಲ ಅವಳಿಗೆ?"

"ಬಂದೋರಿಗಷ್ಟೇ ಕಟ್ತಾರೇನೇ ಗುಡಿ? ಬಾರದೇ ಹೋದೋರಿಗೂ ಕಟ್ತಾರೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಆ ಮಾತು ಬಂದ ಮೇಲೆ ನನಗೂ ಗುಡಿಯ ಕಡೆ ತಲೆಯೆತ್ತಿ ನೋಡಲು ಭಯವಾಗತೊಡಗಿತು.

ಇಬ್ಬರ ಕಿವಿಯಲ್ಲೂ ಹತ್ತಿ ಕಂಡ ಮೇಲೆ ಊರಿಗೆ ಹೇಳದೆ ವಿಧಿಯಿರಲಿಲ್ಲ. ಯಾರೂ ಬಯ್ಯಲಿಲ್ಲ, ತಿಪ್ಪಕ್ಕ ಕೂಡ. ಅವಳು ಪುರಿಯ ಮೊರವನ್ನು ಕೆಳಗಿಟ್ಟು, ಸೊಂಟಕ್ಕೆ ಕೈಕೊಟ್ಟು, "ಮುಗಿಸದೆ ಬಿಡೋಕಾಗುತ್ತಾ? ಮೆಟ್ಲ ಮೇಲೆ ಕೂತು ಕೂದಲು ಬೆಳ್ಳಗಾಗೋವರೆಗೂ ಕೇಳಿದೀನಿ. ನನ್ನ ದನಿ ಕತ್ತೆ ದನಿ. ಆದ್ರೂ ತಲೆಗೊಂದು ಸಾಲು ಸೇರ್ಸಿದ್ರೆ ಹೆಂಗೋ ಆಗುತ್ತೆ" ಎಂದಳು. ಆಮೇಲೆ ನಮ್ಮ ಕಡೆ ತಿರುಗಿ, "ನೀವಿಬ್ರೂ ಅವತ್ತು ಸಂಜೆ ಕೆರೆ ಏರಿ ಮೇಲೆ ಹೋಗಿ ಕೂತ್ಕೊಳ್ಳಿ. ಇತ್ಲಾಗೆ ಸುಳೀಬೇಡಿ" ಎಂದಳು.

ದೀಪಾವಳಿಯ ಸಂಜೆ ಅವ್ವನ ಕೈ ಹಿಡಿದುಕೊಂಡು ಏರಿಗೆ ಹೋದೆ. ನೀರಿನ ಆಚೆಗೆ ಗುಡಿಯ ಪಡಸಾಲೆ ಕಾಣುತ್ತಿತ್ತು. ಹಣತೆ ಸಾಲು, ಅದರ ಹಿಂದೆ ಜನ. ಗಾಳಿ ನಮ್ಮ ಬೆನ್ನಿನಿಂದ ಅತ್ತ ಬೀಸುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ಕಾಂತಯ್ಯ ಎದ್ದು ನಿಂತದ್ದು, ಕೂತದ್ದು, ಇಮಾಮಣ್ಣ ತಲೆ ಕೆರೆದುಕೊಂಡದ್ದು, ತಿಪ್ಪಕ್ಕ ಎರಡೂ ಕೈ ಬೀಸಿ ಯಾರನ್ನೋ ತಿದ್ದಿದ್ದು ಎಲ್ಲ ಬೊಂಬೆಯಾಟದ ಹಾಗೆ ಕಾಣುತ್ತಿತ್ತು. ಅವ್ವ ಕಣ್ಣು ಕಿರಿದು ಮಾಡಿ ಅವರ ಕೈಗಳನ್ನೇ ನೋಡುತ್ತಿದ್ದಳು. "ತಿಪ್ಪ ಕೈ ಮೇಲೆತ್ತಿದಳು ನೋಡು. ಕೆಂಡದವ್ವ ದಡ ಹತ್ತಿದಳಾ? ಮುಳುಗಿದಳಾ?" ಎಂದು ನನ್ನ ತೋಳು ಹಿಂಡಿದಳು. ನಾನು "ನೋಡ್ಬೇಡ ಅವ್ವ" ಎಂದೆ. ಒಮ್ಮೆ ಗಾಳಿ ಇತ್ತ ತಿರುಗಿತು. ನೀರಿನ ಮೇಲೆ ಮುರುಕು ದನಿಗಳ ಗುಂಪೊಂದು ತೇಲಿ ಬರುವುದು ಗೊತ್ತಾಯಿತು. ಅಷ್ಟೂ ಜನ ಒಟ್ಟಿಗೆ ಹೇಳುತ್ತಿದ್ದಾರೆ. ಒಂದು ಮಾತು ನಮ್ಮ ಕಿವಿಗೆ ಬಿದ್ದರೆ ಊರಿನಲ್ಲಿ ಯಾರ ಬಾಯಲ್ಲೂ ಅವಳು ಉಳಿಯುವುದಿಲ್ಲ. ಬಾಯಿಗೆ ಬಂದ ಮಗ್ಗಿಯನ್ನೆಲ್ಲ ಗಟ್ಟಿಯಾಗಿ ಕೂಗತೊಡಗಿದೆ. ಅವ್ವನೂ ಕೂಗಿದಳು. ತಾಯಿಯೂ ಮಗಳೂ ಏರಿಯ ಮೇಲೆ ನಿಂತು ನೀರಿಗೆ ಮುಖಮಾಡಿ, ಗಾಳಿ ಮತ್ತೆ ತಿರುಗುವವರೆಗೂ, ಗಂಟಲು ಕಿತ್ತುಬರುವ ಹಾಗೆ ಮಗ್ಗಿ ಕೂಗಿದೆವು.

ಪಡಸಾಲೆಯ ಜನ ಎದ್ದರು. ಮುಗಿದಿತ್ತು. ಒಬ್ಬೊಬ್ಬರೇ ಹಣತೆ ಹಿಡಿದು ಏರಿಯ ದಾರಿಯಲ್ಲೇ ಮನೆಗೆ ಬರತೊಡಗಿದರು. ನಮ್ಮ ಹತ್ತಿರ ಬಂದಾಗ ಎಲ್ಲರೂ ತಲೆ ತಗ್ಗಿಸಿದರು, ಹೆಂಗಸರು ಮುಖದ ಮೇಲೆ ಸೆರಗೆಳೆದುಕೊಂಡರು. ಸಂತೋಷವೋ ದುಃಖವೋ, ಏನೂ ನಮಗೆ ಕಾಣಬಾರದೆಂದು. ಅವ್ವ ಪ್ರತಿಯೊಬ್ಬರ ಮುಖಕ್ಕೂ ಬಗ್ಗಿ ಬಗ್ಗಿ ನೋಡುತ್ತಿದ್ದಳು. ಇಮಾಮಣ್ಣ ಅವಳ ಕಾಲು ಮುಟ್ಟಿ ಏನೂ ಹೇಳದೆ ಹೋದ. ಕೊನೆಗೆ ತಿಪ್ಪಕ್ಕ ಬಂದಳು. ಅವಳು ಸೆರಗೆಳೆದುಕೊಂಡಿರಲಿಲ್ಲ, ಮುಖವನ್ನು ಅತ್ತ ತಿರುಗಿಸಿಕೊಂಡು ನಡೆಯುತ್ತಿದ್ದಳು. ಅವ್ವ ಅವಳ ರಟ್ಟೆ ಹಿಡಿದಳು.

"ತಿಪ್ಪಾ. ಪದ ಬೇಡ ಕಣೆ. ಹೂಂ ಅಥವಾ ಊಹೂಂ. ನನಗಿನ್ನು ಮುಂದಿನ ವರ್ಷ ಇದೆಯೋ ಇಲ್ವೋ. ಬಂದಳಾ ಅವಳು?"

ತಿಪ್ಪಕ್ಕ ನಿಂತುಬಿಟ್ಟಳು. ಕೈಯ ಹಣತೆಯನ್ನು ಎತ್ತಿ ಹಿಡಿದಳು. ಬಾಯಿಬಡುಕಿ ತಿಪ್ಪಕ್ಕ ನಮ್ಮವ್ವನ ಮುಖವನ್ನೇ ನೋಡಿದಳು. ಅವಳ ತುಟಿ ಬಿಚ್ಚಿಕೊಂಡಿತು. ಹೇಳಿಬಿಡುತ್ತಾಳೆ ಎಂದು ನನಗೆ ಗೊತ್ತಾಯಿತು. ಈ ಮುದುಕಿಗೋಸ್ಕರ ತನ್ನದನ್ನೂ ಕಳೆದುಕೊಳ್ಳುತ್ತಾಳೆ.

ನಾನು ಹಾರಿ ಅವ್ವನ ಎರಡು ಕಿವಿಗಳನ್ನೂ ಅಂಗೈಯಿಂದ ಒತ್ತಿ ಮುಚ್ಚಿದೆ. ಅದೇ ಗಳಿಗೆಯಲ್ಲಿ ನನ್ನ ಕಿವಿಗಳ ಮೇಲೂ ಎರಡು ಕೈ ಬಂದು ಕೂತವು. ಅವ್ವನವು. ಒಣಗಿದ, ಬೆಚ್ಚಗಿನ, ಹಿಟ್ಟಿನ ವಾಸನೆಯ ಕೈಗಳು. ಕೇಳಿದವಳು ತಾನೇ ಆದರೂ, ಆ ಕ್ಷಣಕ್ಕೆ ಅವಳಿಗೂ ಭಯ ಹತ್ತಿತ್ತು. ಹಾಗೇ ಒಬ್ಬರ ತಲೆಯನ್ನೊಬ್ಬರು ಹಿಡಿದುಕೊಂಡು ನಿಂತೆವು. ಅವ್ವನ ಹೆಗಲ ಮೇಲಿನಿಂದ ತಿಪ್ಪಕ್ಕನ ತುಟಿಗಳು ಕಾಣುತ್ತಿದ್ದವು, ಅವು ಅಲುಗತೊಡಗಿದ್ದವು. ನಾನು ಕಣ್ಣನ್ನೂ ಮುಚ್ಚಿಕೊಂಡೆ.

ಹಣತೆಯ ಬೆಳಕು ಸ್ವಲ್ಪ ಹೊತ್ತು ರೆಪ್ಪೆಯ ಮೇಲೆ ಕೆಂಪಗೆ ಇತ್ತು. ಆಮೇಲೆ ಅದು ಆರಿತೋ, ಅವಳು ಹೊರಟಳೋ, ಗೊತ್ತಾಗಲಿಲ್ಲ. ಅಂಗೈಗಳ ಒಳಗೆ ಬರೀ ನನ್ನ ರಕ್ತದ ಸದ್ದು. ಅವ್ವ ಕೈ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ತಿಪ್ಪಕ್ಕ ಇನ್ನೂ ಅಲ್ಲೇ ನಿಂತಿದ್ದರೆ?